ರಾಕ್ ಹಾಡಿನ ತಳದಲ್ಲಿರುವ ತಂಬೂರಿ

1965ರ ಅಕ್ಟೋಬರ್. ಲಂಡನ್ನಿನ ಆಬಿ ರೋಡ್‌ನ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡ ಹಾಡೊಂದರ ಧ್ವನಿಮುದ್ರಣದಲ್ಲಿ ತೊಡಗಿತ್ತು. ಇಪ್ಪತ್ತೆರಡು ವರ್ಷದ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ಅಂದು ಸಿತಾರ್ ಇತ್ತು. ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಭಾರತೀಯ ಕರಕುಶಲ ವಸ್ತು ಮಾರುವ ಮಳಿಗೆಯೊಂದರಿಂದ ತಂದ ಅಗ್ಗದ ವಾದ್ಯ ಅದು. ನುಡಿಸುತ್ತಿದ್ದಂತೆ ತಂತಿಯೊಂದು ಕಡಿಯಿತು. ಸಿತಾರಿನ ಬದಲಿ ತಂತಿ ಆ ಊರಿನಲ್ಲಿ ಎಲ್ಲಿ ಸಿಕ್ಕೀತು? ನಿರ್ಮಾಪಕ ಜಾರ್ಜ್ ಮಾರ್ಟಿನ್ ಹೇಳಿದಂತೆ ಉತ್ತರ ಲಂಡನ್ನಿನ ಫಿಂಚ್ಲಿಯಲ್ಲಿದ್ದ ಏಷಿಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆಗೆ ಫೋನ್ ಹೋಯಿತು.

ಆ ಸಂಸ್ಥೆ ನಡೆಸುತ್ತಿದ್ದವರ ಹೆಸರು ಅಯನ ದೇವ ಅಂಗಡಿ. ಅಡ್ಡಹೆಸರು ಕಿವಿಗೆ ಬಿದ್ದೊಡನೆ ನಮಗೆ ಅವರ ಸೀಮೆ ಯಾವುದೆಂದು ಹೊಳೆಯುತ್ತದೆ. ಉತ್ತರ ಕರ್ನಾಟಕದ ಜಕನೂರಿನಲ್ಲಿ ಹುಟ್ಟಿ, 1920ರ ದಶಕದಲ್ಲಿ ಇಂಗ್ಲೆಂಡಿಗೆ ಹೋದವರು ಅವರು. ಎಡಪಂಥೀಯ ರಾಜಕಾರಣದಲ್ಲಿ ಓಡಾಡಿ, ಚಿತ್ರಕಲಾವಿದೆ ಪೆಟ್ರೀಷಿಯಾ ಅವರನ್ನು ಮದುವೆಯಾಗಿ, ಗಂಡಹೆಂಡತಿ ಇಬ್ಬರೂ ಸೇರಿ ತಮ್ಮ ಮನೆಯಿಂದಲೇ ಈ ಸಂಸ್ಥೆ ಕಟ್ಟಿದ್ದರು. ಪಿಟೀಲುವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರು. ಕೋಲಾರ ಸೀಮೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗ ತರಗತಿಗಳನ್ನು ಲಂಡನ್ನಿನಲ್ಲಿ ಏರ್ಪಡಿಸಿದ್ದೂ ಇದೇ ಸಂಸ್ಥೆ. ಅಂಗಡಿಯವರ ಮನೆಯವರು ತಂತಿ ಹಿಡಿದುಕೊಂಡು ತಾವೇ ಸ್ಟುಡಿಯೋಗೆ ಹೋದರು. ಮುದ್ರಣ ಮುಂದುವರಿಯಿತು, ಪೆಟ್ರೀಷಿಯಾ ಒಂದು ಬದಿಯಲ್ಲಿ ಕುಳಿತು ಹಾಡುಗಾರರ ರೇಖಾಚಿತ್ರ ಬರೆದರು. ಆ ಹಾಡು 'ನಾರ್ವೇಜಿಯನ್ ವುಡ್'. ಅದೇ ಡಿಸೆಂಬರಿನಲ್ಲಿ 'ರಬ್ಬರ್ ಸೋಲ್' ಧ್ವನಿಸುರುಳಿಯಲ್ಲಿ ಹೊರಬಂತು.

ರಾಕ್ ಸಂಗೀತದ ಮೇಲೆ ಭಾರತದ ಪ್ರಭಾವ ಎಂದಾಗಲೆಲ್ಲ ಈ ಸಿತಾರಿನ ಕಥೆ ಬರುತ್ತದೆ, ಅಲ್ಲಿಗೇ ನಿಂತೂಬಿಡುತ್ತದೆ. ನನಗೆ ಆ ಕಥೆ ಪ್ರಿಯವಾದದ್ದೇ. ಆದರೆ ಸಿತಾರ್ ಕಣ್ಣಿಗೆ ಬಿದ್ದ ಭಾಗ ಮಾತ್ರ. ಐದಾರು ವರ್ಷದಲ್ಲಿ ಅದರ ಮೋಜು ತೀರಿತು. ರಾಕ್ ಸಂಗೀತದೊಳಗೆ ಇಳಿದು ಇವತ್ತಿಗೂ ಉಳಿದಿರುವುದು ಬೇರೊಂದು, ನಮ್ಮ ಮನೆಗಳಲ್ಲಿ ಸಂಗೀತದ ಪಾಠಕ್ಕೆ ಕೂತ ಮಗು ಮೊದಲ ದಿನ ಕೇಳುವ ಸದ್ದು: ಶ್ರುತಿ.

ಇದು ಸ್ಪಷ್ಟವಾಗಬೇಕಾದರೆ ಗಿಟಾರಿನ ಹಾಡು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಎದುರಿಗೆ ಇಟ್ಟುಕೊಳ್ಳಿ. ಶಂಕರಾಭರಣದ ಸ್ವರಗಳನ್ನು ಹಿಡಿದು ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ಗಿಟಾರ್ ಕಲಿಯುವವರು ಕಾರ್ಡ್ ಎಂದು ಕರೆಯುವ ಸ್ವರಗುಚ್ಛ ಇದೇ. ಈಗ ಮ, ಧ, ಮೇಲಿನ ಸ ಒತ್ತಿ. ಆಮೇಲೆ ಪ, ನಿ, ಮೇಲಿನ ರಿ. ಈ ಮೂರು ಗುಚ್ಛಗಳ ಮೇಲೆ ನಿಂತ ರಾಕ್ ಹಾಡುಗಳು ಸಾವಿರಾರು ಇವೆ. ಹಾಡುವವನು ಮೇಲೆ ಹಾಡುತ್ತಿರುತ್ತಾನೆ, ಕೆಳಗೆ ನೆಲ ಒಂದು ಗುಚ್ಛದಿಂದ ಇನ್ನೊಂದಕ್ಕೆ ಸರಿಯುತ್ತಿರುತ್ತದೆ. ಸ-ಗ-ಪ ಮನೆ. ಮ-ಧ-ಸ ಎಂದರೆ ಹೊಸ್ತಿಲು ದಾಟಿ ಹೊರಗೆ ಬಂದ ಹಾಗೆ. ಪ-ನಿ-ರಿ ಗುಚ್ಛದಲ್ಲಿರುವ ಕಾಕಲಿ ನಿಷಾದ ಷಡ್ಜಕ್ಕೆ ತೀರ ಹತ್ತಿರದಲ್ಲಿದ್ದು 'ಮನೆಗೆ ನಡೆ' ಎಂದು ಬೆನ್ನು ತಳ್ಳುತ್ತದೆ. ಹೊರಡುವುದು, ದೂರ ಹೋಗುವುದು, ಹಿಂದಿರುಗುವುದು. ಪಾಶ್ಚಾತ್ಯ ಹಾಡಿನ ಭಾವವೆಲ್ಲ ಹೆಚ್ಚಾಗಿ ಈ ನಡಿಗೆಯಿಂದ ಹುಟ್ಟುತ್ತದೆ.

ನಮ್ಮಲ್ಲಿ ನೆಲ ಸರಿಯುವುದಿಲ್ಲ. ತಂಬೂರಿ ಪ-ಸ-ಸ-ಸ ಎಂದು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ನಿಂತಿರುತ್ತದೆ. ಗಾಂಧಾರದ ಮೇಲೆ ಗಾಯಕ ಹೊತ್ತುಗಟ್ಟಲೆ ನಿಂತರೂ ನಮಗೆ ಬೇಸರವಾಗದಿರುವುದು, ಅಲುಗಾಡದ ಆ ಷಡ್ಜಕ್ಕೂ ಈ ಗಾಂಧಾರಕ್ಕೂ ನಡುವಿನ ಅಂತರವನ್ನೇ ನಾವು ಸವಿಯುತ್ತಿರುವುದರಿಂದ. ಅವರ ಸಂಗೀತದಲ್ಲಿ ದಾರಿ ನಡೆಯುವ ಸುಖ. ನಮ್ಮದರಲ್ಲಿ ಕೆರೆಯ ದಂಡೆಯಲ್ಲಿ ಕುಳಿತು, ಒಂದೇ ನೀರಿನ ಮೇಲೆ ಬಿಸಿಲು ಬಣ್ಣ ಬದಲಿಸುವುದನ್ನು ನೋಡುವ ಸುಖ. ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದೇನೂ ಇಲ್ಲ, ಕಿವಿ ಕೇಳುವ ಕ್ರಮವೇ ಬೇರೆ.

ಅರವತ್ತರ ದಶಕದ ನಡುವಿನಲ್ಲಿ ರಾಕ್ ಸಂಗೀತಗಾರರ ಕಿವಿ ಹೊರಳಿದ್ದು ಇಲ್ಲಿ. ಮೂರು ಗುಚ್ಛಗಳ ದಾರಿಯಲ್ಲಿ ನಡೆದು ನಡೆದು ದಣಿದಿದ್ದ ಅವರಿಗೆ, ನಿಂತಲ್ಲೇ ನಿಂತು ಹಾಡಬಹುದು ಎಂಬುದು ಹೊಸ ತಿಳಿವಳಿಕೆಯಾಗಿ ಬಂತು. ಕಿವಿ ಅರ್ಧ ಸಿದ್ಧವಾಗಿಯೂ ಇತ್ತು ಅನ್ನಿ. ರಾಕ್ ಹುಟ್ಟಿದ್ದು ಅಮೆರಿಕದ ಕರಿಯರ ಬ್ಲೂಸ್‌ನಿಂದ. ಬ್ಲೂಸ್‌ನಲ್ಲಿ ಒಂದೇ ಗುಚ್ಛದ ಮೇಲೆ ಕೊನೆಯವರೆಗೂ ನಿಲ್ಲುವ ಹಾಡುಗಳಿದ್ದವು, ತಂತಿಯ ಮೇಲೆ ಗಾಜಿನ ಕೊಳವೆ ಜಾರಿಸಿ ಸ್ವರದಿಂದ ಸ್ವರಕ್ಕೆ ಎಳೆಯುವ ರೂಢಿಯಿತ್ತು. ಕಾಕಲಿಯ ಜಾಗದಲ್ಲಿ ಅದಕ್ಕಿಂತ ಅರ್ಧ ಮೆಟ್ಟಿಲು ಕೆಳಗಿರುವ ಕೈಶಿಕಿ ನಿಷಾದವೂ ಅಲ್ಲಿ ಮನೆಮಾತಾಗಿತ್ತು. ಕೈಶಿಕಿ ಬಂದೊಡನೆ ಮನೆಗೆ ತಳ್ಳುವ ಕೈ ಸಡಿಲವಾಗುತ್ತದೆ, ಹಾಡಿಗೆ ಹಿಂದಿರುಗುವ ಅವಸರ ಇಲ್ಲದಂತಾಗುತ್ತದೆ. ಶಂಕರಾಭರಣಕ್ಕೂ ಹರಿಕಾಂಭೋಜಿಗೂ ಇರುವ ವ್ಯತ್ಯಾಸ ಇದೊಂದೇ ನಿಷಾದದ್ದು. ಅರವತ್ತರ ದಶಕದ ಭಾರತಮುಖಿ ಹಾಡುಗಳು ಒಂದರ ಹಿಂದೊಂದು ಈ ಹರಿಕಾಂಭೋಜಿಯ, ಹಿಂದುಸ್ತಾನಿಯವರ ಖಮಾಜ್ ಥಾಟಿನ, ಸ್ವರಗಳಿಗೇ ಬಂದು ಸೇರುವುದನ್ನು ಕಂಡು ನಾನು ಮೊದಮೊದಲು ಬೆರಗಾಗಿದ್ದೆ.

'ನಾರ್ವೇಜಿಯನ್ ವುಡ್' ಹಾಡನ್ನೇ ಪರೀಕ್ಷಿಸಿ ನೋಡಬಹುದು. ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ತೆರೆದು ಶ್ರುತಿಯನ್ನು ಬಿಳಿ ಮೂರಕ್ಕೆ (ಪಾಶ್ಚಾತ್ಯರ E) ಇಡಿ. ಜೊತೆಗೆ ಹಾಡು ಹಾಕಿ. ಪಂಚಮದಿಂದ ಮೆಲ್ಲಗೆ ಇಳಿಯುತ್ತಾ ಬರುವ ಮೊದಲ ಭಾಗ ತಂಬೂರಿಯ ಮೇಲೆ ಅಳತೆ ಮಾಡಿಟ್ಟಂತೆ ಕೂರುತ್ತದೆ, ಇಳಿಯುವ ದಾರಿಯಲ್ಲಿ ಕೈಶಿಕಿ ನಿಷಾದ ಸ್ಪಷ್ಟವಾಗಿ ಕೇಳಿಸುತ್ತದೆ. ನಡುವಿನ ಭಾಗಕ್ಕೆ ಬಂದಾಗ ಅಂತರ ಗಾಂಧಾರ ಹೋಗಿ ಅರ್ಧ ಮೆಟ್ಟಿಲು ಕೆಳಗಿನ ಸಾಧಾರಣ ಗಾಂಧಾರ ಬರುತ್ತದೆ, ಕೆಳಗಿನ ಗುಚ್ಛಗಳೂ ಬದಲಾಗತೊಡಗುತ್ತವೆ. ಮತ್ತೆ ಮೊದಲ ಭಾಗ ಬಂದಾಗ ಶ್ರುತಿ ಒಪ್ಪುತ್ತದೆ. ಇದನ್ನು ಮುಖ್ಯವಾಗಿ ಕಟ್ಟಿದ ಜಾನ್ ಲೆನನ್ ರಾಗ ಕಲಿತವರಲ್ಲ. ಸಿತಾರಿನಲ್ಲಿ ಹ್ಯಾರಿಸನ್ ನುಡಿಸಿದ್ದೂ ಹಾಡಿನ ಧಾಟಿಯನ್ನೇ, ಗಮಕದ ಗಂಧವಿಲ್ಲದೆ, ಗಿಟಾರಿನ ಕೈಯಲ್ಲಿ. ಆದರೂ ಸಿತಾರ್ ಅಲ್ಲಿ ಪರಕೀಯ ಎನಿಸುವುದಿಲ್ಲ. ಶ್ರುತಿಗೆ ಒಗ್ಗುವ ಧಾಟಿ ಮೊದಲೇ ಇತ್ತು, ವಾದ್ಯ ಬಂದು ಅದನ್ನು ಎತ್ತಿ ತೋರಿಸಿತು.

ಬೀಟಲ್ಸ್ ಈ ದಾರಿಯಲ್ಲಿ ಮೊದಲಿಗರೂ ಅಲ್ಲ. 1965ರ ಆರಂಭದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಕಿಂಕ್ಸ್ ತಂಡ ಮುಂಬಯಿಯಲ್ಲಿ ತಂಗಿತ್ತು. ಬೆಳಗಿನ ಜಾವ ಕೆಲಸಕ್ಕೆ ಹೊರಟ ಮೀನುಗಾರರು ಹಾಡಿಕೊಂಡು ಹೋಗುತ್ತಿದ್ದುದು ತಂಡದ ಹಾಡುಗಾರ ರೇ ಡೇವೀಸ್ ಕಿವಿಗೆ ಬಿತ್ತು. ಆ ನೆನಪಿನಿಂದ ಹುಟ್ಟಿದ 'ಸೀ ಮೈ ಫ್ರೆಂಡ್ಸ್' ಅದೇ ಜುಲೈನಲ್ಲಿ ಹೊರಬಂತು. ಅದರಲ್ಲಿ ಒಂದೂ ಭಾರತೀಯ ವಾದ್ಯವಿಲ್ಲ, ಗಿಟಾರುಗಳೇ ತಂಬೂರಿಯಂತೆ ಗುಂಯ್‌ಗುಡುತ್ತವೆ. ಅದೇ ವರ್ಷ ಯಾರ್ಡ್‌ಬರ್ಡ್ಸ್ ತಂಡ ತನ್ನ ಹಾಡಿಗೆ ಸಿತಾರ್ ವಾದಕರನ್ನೇ ಕರೆಸಿತು. ವಿದ್ಯುತ್ ಗಿಟಾರು, ಡ್ರಮ್ಮುಗಳ ಎದುರು ಸಿತಾರಿನ ದನಿ ತೆಳುವಾಯಿತು. ಕೊನೆಗೆ ತಂಡದ ಗಿಟಾರ್ ವಾದಕ ಜೆಫ್ ಬೆಕ್ ತಮ್ಮ ಗಿಟಾರಿನ ದನಿಯನ್ನು ಒಡೆಸಿ, ಕೆರಕಲಾಗಿಸಿ, ಸಿತಾರಿನ ಅನುಕರಣೆ ಮಾಡಿದರು. ಲೋಕಕ್ಕೆ ಕೇಳಿಸಿದ್ದು ಆ ಗಿಟಾರ್.

ಆ ಕೆರಕಲು ದನಿಯ ಬೆನ್ನು ಅವರು ಏಕೆ ಬಿದ್ದರು? ತಂತಿಗಳನ್ನು ಹೊರುವ ತಂಬೂರಿಯ ಕುದುರೆಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಗಿಟಾರಿನಲ್ಲಿ ತಂತಿ ಚೂಪಾದ ಅಂಚಿನ ಮೇಲೆ ಕೂರುತ್ತದೆ, ದನಿ ಶುಭ್ರವಾಗಿ ಹೊರಡುತ್ತದೆ. ತಂಬೂರಿಯ, ಸಿತಾರಿನ ಕುದುರೆ ಅಗಲ, ಮೇಲ್ಮೈ ತುಸು ಬಾಗಿದೆ. ಮೀಟಿದ ತಂತಿ ಆ ಬಾಗಿನ ಮೇಲೆ ಸವರುತ್ತಾ ಕಂಪಿಸುವುದರಿಂದ ಮೂಲಸ್ವರದ ಜೊತೆಗೆ ಅದರ ಉಪಸ್ವರಗಳೂ ಒಂದೊಂದಾಗಿ ಮೇಲೇಳುತ್ತವೆ. ಇದೇ ಜವಾರಿ. ತಂಬೂರಿಯಲ್ಲಿ ತಂತಿಯಡಿ ದಾರದ ಎಳೆ ತೂರಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ದನಿ ಅರಳುವ ಜಾಗ ಹುಡುಕುತ್ತಾರೆ. ಸಿಕ್ಕಾಗ ಕೋಣೆಯೇ ತುಂಬಿಕೊಳ್ಳುತ್ತದೆ, ಯಾರೂ ಮುಟ್ಟದ ಗಾಂಧಾರ ತಾನಾಗಿ ಕೇಳಿಸುತ್ತದೆ. ಸಿತಾರಿನಲ್ಲಿ ಇದರ ಮೇಲೆ ತರಬಿನ ತಂತಿಗಳ ಸಾಲು ಬೇರೆ. ಮೇಲಿನ ತಂತಿಯ ಸ್ವರಕ್ಕೆ ಕೆಳಗಿನವು ತಾವೇ ಮಿಡಿಯುತ್ತವೆ. ಈ ಜುಂಯ್‌ಗುಡುವಿಕೆಗಾಗಿಯೇ ಅಮೆರಿಕದಲ್ಲಿ 1967ರ ಹೊತ್ತಿಗೆ ಕೋರಲ್ ಹೆಸರಿನ ವಿದ್ಯುತ್ ಸಿತಾರ್ ಮಾರುಕಟ್ಟೆಗೆ ಬಂತು. ಅದು ಕುದುರೆ ಬದಲಿಸಿದ ಗಿಟಾರ್. ಆ ಕಾಲದ ಅನೇಕ ಹಾಡುಗಳಲ್ಲಿ ಸಿತಾರ್ ಎಂದು ನಮಗೆ ಕೇಳಿಸುವುದು ಅದೇ.

ಅಮೆರಿಕದ ಬರ್ಡ್ಸ್ ತಂಡದ ಡೇವಿಡ್ ಕ್ರಾಸ್ಬಿ ಮತ್ತು ರಾಜರ್ ಮೆಗ್ವಿನ್ ಪ್ರವಾಸದ ಬಸ್ಸಿನಲ್ಲಿ ಕೇಳುತ್ತಿದ್ದದ್ದು ಎರಡೇ ಬಗೆಯ ಸಂಗೀತ, ಜಾನ್ ಕೋಲ್ಟ್ರೇನ್ ಮತ್ತು ರವಿಶಂಕರ್. ಆ ಎರಡೂ 'ಏಟ್ ಮೈಲ್ಸ್ ಹೈ' ಹಾಡಿನ ಹನ್ನೆರಡು ತಂತಿಯ ಗಿಟಾರಿನಲ್ಲಿ ಕೂಡಿಕೊಂಡವು. ಜಾಝ್‌ನ ಕೋಲ್ಟ್ರೇನ್ ಕೂಡ ರವಿಶಂಕರ್ ಸಂಗೀತಕ್ಕೆ ಮನಸೋತವರು, ಮಗನಿಗೆ ರವಿ ಎಂದು ಹೆಸರಿಟ್ಟವರು. ರೋಲಿಂಗ್ ಸ್ಟೋನ್ಸ್ ತಂಡದ 1966ರ 'ಪೇಂಟ್ ಇಟ್ ಬ್ಲ್ಯಾಕ್' ಹಾಡಿನಲ್ಲಿ ಬ್ರಯನ್ ಜೋನ್ಸ್ ಸಿತಾರ್ ನುಡಿಸಿದ್ದಾರೆ, ಕಿವಿಗೆ ಹಿತವಾಗಿದೆ. ಆದರೆ ಅಲ್ಲಿ ಸಿತಾರ್ ಅಲಂಕಾರವಷ್ಟೇ, ಹಾಡಿನ ಕಟ್ಟಡ ಪೂರ್ತಿ ಪಾಶ್ಚಾತ್ಯ.

ಕಟ್ಟಡವೇ ಬದಲಾದದ್ದು 1966ರಲ್ಲಿ, ಬೀಟಲ್ಸ್‌ನ 'ರಿವಾಲ್ವರ್' ಧ್ವನಿಸುರುಳಿಯ ಕೊನೆಯ ಹಾಡಿನಲ್ಲಿ. 'ಟುಮಾರೋ ನೆವರ್ ನೋಸ್' ಶುರುವಾಗುವುದೇ ತಂಬೂರಿಯಿಂದ. ಇದಕ್ಕೆ ಆ್ಯಪ್‌ನಲ್ಲಿ ಬಿಳಿ ಒಂದು ಇಡಬೇಕು. ಹಾಡು ಮುಗಿಯುವವರೆಗೂ ಷಡ್ಜ ಕದಲುವುದಿಲ್ಲ. ಅಲ್ಲಲ್ಲಿ ಕೈಶಿಕಿ ನಿಷಾದದ ಗುಚ್ಛವೊಂದು ಮೇಲೆ ತೇಲಿ ಬಂದು ಹೋಗುತ್ತದೆ. ಡ್ರಮ್ಮಿನ ಒಂದೇ ನಡೆ, ಟೇಪನ್ನು ತಿರುವುಮುರುವಾಗಿ ಓಡಿಸಿ ತೆಗೆದ ಹಕ್ಕಿಗಳಂಥ ಸದ್ದು, ಇಷ್ಟೆಲ್ಲ ಗದ್ದಲದ ಅಡಿಯಲ್ಲಿ ಒಂದೇ ಒಂದು ಸ್ವರ. ಇಂದಿನ ಎಲೆಕ್ಟ್ರಾನಿಕ್ ನೃತ್ಯಸಂಗೀತದಲ್ಲಿ ಒಂದೇ ಆಧಾರದ ಮೇಲೆ ಹೊತ್ತುಗಟ್ಟಲೆ ನಡೆಯುವ ಹಾಡುಗಳನ್ನು ಕೇಳುವಾಗ ನನಗೆ ನೆನಪಾಗುವುದು ಇದು.

1966ರ ಜೂನ್‌ನಲ್ಲಿ ಹ್ಯಾರಿಸನ್ ರವಿಶಂಕರ್ ಅವರನ್ನು ಕಂಡರು, ಅದೂ ಅಂಗಡಿಯವರ ಮನೆಯಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದು ಅವರ ಬಳಿ ಪಾಠಕ್ಕೆ ಕುಳಿತರು. ಶಿಷ್ಯತ್ವದ ಫಲ 1967ರ 'ವಿದಿನ್ ಯೂ ವಿದೌಟ್ ಯೂ'. ರವಿಶಂಕರ್ ಆಕಾಶವಾಣಿಗಾಗಿ ರಚಿಸಿದ ದೀರ್ಘ ಕೃತಿಯೊಂದು ಇದಕ್ಕೆ ಪ್ರೇರಣೆ ಎಂದು ಹ್ಯಾರಿಸನ್ ಹೇಳಿಕೊಂಡಿದ್ದಾರೆ. ಬೀಟಲ್ಸ್‌ನ ಉಳಿದ ಮೂವರೂ ಇದರಲ್ಲಿ ಇಲ್ಲ. ಮತ್ತೆ ಖಮಾಜಿನ ಸ್ವರಗಳು. ಹದಿನಾರು ಮಾತ್ರೆಯ ತೀನ್ ತಾಲದಲ್ಲಿ ಹಾಡು ನಡೆದು, ನಡುವಿನ ವಾದ್ಯಭಾಗ ಹತ್ತು ಮಾತ್ರೆಯ ಝಪ್ ತಾಲಕ್ಕೆ ಹೊರಳುತ್ತದೆ. ಹಾಡುಗಾರನ ಸಾಲನ್ನು ಕಮಾನಿನಿಂದ ನುಡಿಸುವ ದಿಲ್‌ರುಬಾ ನೆರಳಿನಂತೆ ಹಿಂಬಾಲಿಸುತ್ತದೆ. ಜಾರ್ಜ್ ಮಾರ್ಟಿನ್ ಇದಕ್ಕೆ ಪಿಟೀಲು, ಚೆಲ್ಲೋಗಳನ್ನು ಹೊಂದಿಸಬೇಕಿತ್ತು. ಸ್ವರದಿಂದ ಸ್ವರಕ್ಕೆ ಹೆಜ್ಜೆ ಇಡಲು ಕಲಿತಿದ್ದ ಲಂಡನ್ನಿನ ವಾದಕರು ದಿಲ್‌ರುಬಾದ ಜಾರುಗಳನ್ನು ತಮ್ಮ ಕಮಾನಿನಲ್ಲಿ ತರಬೇಕಾಯಿತು. ಈ ಒಂದು ಕೆಲಸಕ್ಕಾಗಿಯೇ ನಾನು ಮಾರ್ಟಿನ್ ಅವರನ್ನು ಬಹಳ ಗೌರವಿಸುತ್ತೇನೆ.

ಹೃಷಿಕೇಶದ ಕಥೆ ಎಲ್ಲರಿಗೂ ಗೊತ್ತು, ಅದಕ್ಕೆ ಹೆಚ್ಚು ಜಾಗ ಬೇಡ. 1968ರಲ್ಲಿ ಮಹೇಶ ಯೋಗಿಯವರ ಆಶ್ರಮಕ್ಕೆ ಬೀಟಲ್ಸ್ ಹೋಗಿದ್ದರಿಂದಲೇ ಅವರ ಹಾಡಿಗೆ ಭಾರತ ಬಂತು ಎಂದು ಅನೇಕರು ನಂಬಿದ್ದಾರೆ. ಇಸವಿಗಳನ್ನು ನೋಡಿ. ಭಾರತೀಯ ಸಂಗೀತದ ಮುಖ್ಯ ಹಾಡುಗಳೆಲ್ಲ ಅದಕ್ಕೂ ಮೊದಲಿನವು. ಹೃಷಿಕೇಶದಲ್ಲಿ ಅವರು ಬರೆದ ಹಾಡುಗಳು ಹೆಚ್ಚಿನಂಶ ಗಿಟಾರಿನ ಸರಳ ಹಾಡುಗಳು.

ಅದೇ ಹೊತ್ತಿಗೆ ಹ್ಯಾರಿಸನ್ ಸಿತಾರನ್ನು ಕೆಳಗಿಟ್ಟರು. ಆ ವಾದ್ಯಕ್ಕೆ ಒಂದು ಜೀವಮಾನವೇ ಬೇಕು ಎಂಬುದು ಅವರಿಗೆ ಮನವರಿಕೆಯಾಗಿತ್ತು. ಗಿಟಾರಿಗೆ ಹಿಂದಿರುಗಿದಾಗ ಬೆರಳಿಗೆ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸುವ ವಿಧಾನವನ್ನು ಕೈಗೆತ್ತಿಕೊಂಡರು. 1970ರ 'ಮೈ ಸ್ವೀಟ್ ಲಾರ್ಡ್' ಹಾಡಿನ ಗಿಟಾರನ್ನು ಕೇಳಿ. ಸ್ವರಕ್ಕೆ ನೇರ ಹೋಗಿ ನಿಲ್ಲುವುದಿಲ್ಲ, ಕೆಳಗಿನಿಂದ ಸವರಿಕೊಂಡು ಹತ್ತಿ, ತಲುಪಿದ ಮೇಲೆ ಮೆಲ್ಲಗೆ ತೂಗುತ್ತದೆ. ಸಿತಾರ್ ವಾದಕರು ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ನಾಲ್ಕೈದು ಸ್ವರ ಹತ್ತಿಸುವ ಮೀಂಡ್ ಈ ಕೈಯಲ್ಲಿ ಉಳಿದುಕೊಂಡಿದೆ. ಬ್ಲೂಸ್ ಗಿಟಾರಿನವರ ಜಾರಿಗೂ ಈ ಜಾರಿಗೂ ಇರುವ ವ್ಯತ್ಯಾಸ ಎರಡನ್ನೂ ಜೊತೆಗಿಟ್ಟು ಕೇಳಿದರೆ ತಿಳಿದುಬಿಡುತ್ತದೆ.

ಶ್ರುತಿ ಪಶ್ಚಿಮಕ್ಕೆ ಹೋದ ಇನ್ನೊಂದು ದಾರಿಯಿದೆ, ಬೀಟಲ್ಸ್ ಮನೆಯ ಮುಂದೆ ಹಾದುಹೋಗದ ದಾರಿ. 1955ರಲ್ಲಿ ಅಲಿ ಅಕ್ಬರ್ ಖಾನ್ ನ್ಯೂಯಾರ್ಕಿನಲ್ಲಿ ನುಡಿಸಿದ ಸರೋದ್ ಧ್ವನಿಮುದ್ರಿಕೆ ಹೊರಬಂತು, ಪರಿಚಯದ ಮಾತು ಮೆನುಹಿನ್ ಅವರದು. ಅದನ್ನು ಕೇಳಿದ ಅಮೆರಿಕದ ಸಂಗೀತ ರಚನಕಾರ ಲಾ ಮಾಂಟ್ ಯಂಗ್ ಅವರನ್ನು ಹಿಡಿದು ನಿಲ್ಲಿಸಿದ್ದು ತಂಬೂರಿ. ಅರವತ್ತರ ದಶಕದಲ್ಲಿ ಅವರು ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿಯುವ ಪ್ರಯೋಗಕ್ಕೆ ಇಳಿದರು. ಅವರ ತಂಡದಲ್ಲಿ ವಿಯೋಲ ನುಡಿಸುತ್ತಿದ್ದ ಜಾನ್ ಕೇಲ್, ಕುದುರೆಯನ್ನು ಚಪ್ಪಟೆಯಾಗಿಸಿ ಹಲವು ತಂತಿಗಳನ್ನು ಒಟ್ಟಿಗೆ ಉಜ್ಜುವ ಅಭ್ಯಾಸವನ್ನು ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡಕ್ಕೆ ಹೊತ್ತುಕೊಂಡು ಹೋದರು. 1967ರ ಅವರ ಮೊದಲ ಧ್ವನಿಸುರುಳಿಯ 'ವೀನಸ್ ಇನ್ ಫರ್ಸ್' ಹಾಡಿನಲ್ಲಿ ಉದ್ದಕ್ಕೂ ಗುಂಯ್‌ಗುಡುವ ಆ ವಿಯೋಲಕ್ಕೆ ಭಾರತದ ವೇಷ ಒಂದಿಷ್ಟೂ ಇಲ್ಲ. ಹಾಗಾಗಿ ಇದನ್ನು ಭಾರತದ ಪ್ರಭಾವದ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ನನ್ನ ಮಟ್ಟಿಗೆ ಇದೇ ಆಳವಾದ ಪ್ರಭಾವ.

1970ರಲ್ಲಿ ಯಂಗ್ ಮತ್ತು ಅವರ ಗೆಳೆಯ, ರಚನಕಾರ ಟೆರಿ ರೈಲಿ ಇಬ್ಬರೂ ಪಂಡಿತ್ ಪ್ರಾಣನಾಥ್ ಅವರ ಶಿಷ್ಯರಾದರು. ಪ್ರಾಣನಾಥ್ ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನ್ ಅವರ ಶಿಷ್ಯ. ಧಾರವಾಡ, ಹುಬ್ಬಳ್ಳಿ ಕಡೆಯ ಓದುಗರು ಇಲ್ಲಿ ಕಿವಿ ನಿಮಿರಿಸಿರಬೇಕು. ಅದೇ ಘರಾಣೆಯ ಅಬ್ದುಲ್ ಕರೀಂ ಖಾನ್ ಅವರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಗೆ ಬಂದದ್ದು ನಮ್ಮ ಪರಂಪರೆ. ಸ್ವರವನ್ನು ಶ್ರುತಿಯಲ್ಲಿ ಅದ್ದಿ, ಆತುರವಿಲ್ಲದೆ ಬೆಳೆಸುವುದು ಕಿರಾನಾದ ಜೀವ. ಇಂಗ್ಲೆಂಡಿನ ದ ಹೂ ತಂಡದ 1971ರ 'ಬಾಬಾ ಓ ರೈಲಿ' ಹಾಡಿನ ಹೆಸರಿನಲ್ಲಿ ಒಂದರ್ಧ ಆಧ್ಯಾತ್ಮಿಕ ಗುರು ಮೆಹರ್ ಬಾಬಾ, ಇನ್ನರ್ಧ ಟೆರಿ ರೈಲಿ. ಆರಂಭದಲ್ಲಿ ಆರ್ಗನ್ನಿನಿಂದ ಚಿಮ್ಮುವ ಸ್ವರಗಳ ತಿರುಗಣಿ ರೈಲಿಯವರ ಶೈಲಿಯಿಂದ ಹುಟ್ಟಿದ್ದು.

ತಾಳದ ಪಾಠ ತಡವಾಗಿ ಸಿಕ್ಕಿತು, ಅದನ್ನು ಹೆಚ್ಚು ಕಲಿಸಿದ್ದು ದಕ್ಷಿಣದವರು. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ವೀಣೆಯ ಪಾಠ ಹೇಳಿಸಿಕೊಂಡವರು. 1975ರ ಹೊತ್ತಿಗೆ ಪಿಟೀಲಿನ ಎಲ್. ಶಂಕರ್, ಘಟಂನ ವಿಕ್ಕು ವಿನಾಯಕರಾಮ್, ತಬಲಾದ ಝಾಕಿರ್ ಹುಸೇನ್ ಜೊತೆ ಶಕ್ತಿ ತಂಡ ಕಟ್ಟಿದರು. ಅವರು ಮಾಡಿಸಿಕೊಂಡ ಗಿಟಾರಿನಲ್ಲಿ ಎರಡು ಬದಲಾವಣೆಗಳಿದ್ದವು. ಮುಖ್ಯ ತಂತಿಗಳಿಗೆ ಅಡ್ಡಲಾಗಿ, ತರಬಿನಂತೆ ಮಿಡಿಯುವ ಏಳು ತಂತಿಗಳು. ಮತ್ತೆ ಮೆಟ್ಟಿಲುಗಳ ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತಿ ತೆಗೆದದ್ದು. ಹೀಗೆ ಕೆತ್ತಿದರೆ ಬೆರಳಿಗೆ ಮರ ತಗಲುವುದಿಲ್ಲ, ವೀಣೆಯಲ್ಲಿ ಎಳೆದಂತೆ ತಂತಿಯನ್ನು ಎಳೆಯಬಹುದು. ಗಮಕಕ್ಕಾಗಿ ವಾದ್ಯದ ಮೈಯನ್ನೇ ತಿದ್ದಿಸಿದವರನ್ನು ನಾನು ಅಲಂಕಾರಕ್ಕೆ ಸಿತಾರ್ ಇಟ್ಟುಕೊಂಡವರ ಜೊತೆ ಎಣಿಸಲಾರೆ. ಬಾಯಲ್ಲೇ ಜತಿ ನುಡಿಯುವ ಕೊನ್ನಕೋಲನ್ನೂ ಅವರು ಶ್ರದ್ಧೆಯಿಂದ ಕಲಿತು, ಇತರರಿಗೆ ಕಲಿಸಿದರು.

ಈ ಕೊಡುಕೊಳ್ಳುವಿಕೆಯಲ್ಲಿ ರವಿಶಂಕರ್ ಅವರಿಗೆ ನೋವೂ ಇತ್ತು. 1967ರ ಮಾಂಟೆರಿ, 1969ರ ವುಡ್‌ಸ್ಟಾಕ್ ಉತ್ಸವಗಳಲ್ಲಿ ಕೀರ್ತಿ ಸಿಕ್ಕಿತು. ಆದರೆ ಅಮಲು ಏರಿಸಿಕೊಂಡು ರಾಗ ಕೇಳುವ ಜನರನ್ನು, ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿ ಇಡುವುದನ್ನು ಅವರು ಸಹಿಸಲಾರದೆ ಹೋದರು. ವಾದ್ಯವನ್ನು ಕಣ್ಣಿಗೊತ್ತಿಕೊಂಡು ಕೈಗೆ ತೆಗೆದುಕೊಳ್ಳುವ ಮನೆಯಿಂದ ಬಂದವರು ಅವರು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಕಛೇರಿಯಲ್ಲಿ ಅವರು ಮತ್ತು ಅಲಿ ಅಕ್ಬರ್ ಖಾನ್ ಶ್ರುತಿ ಮಾಡಿಕೊಂಡು ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬರ್ಥದಲ್ಲಿ ರವಿಶಂಕರ್ ನಯವಾಗಿ ಮಾತಾಡಿದರು. ಆ ಕೇಳುಗರ ಅಜ್ಞಾನಕ್ಕೆ ಉದಾಹರಣೆಯಾಗಿ ಈ ಪ್ರಸಂಗವನ್ನು ಹೇಳುವುದುಂಟು. ನನಗೆ ಆ ಜನರ ಮೇಲೆ ಪ್ರೀತಿ ಹುಟ್ಟುತ್ತದೆ. ತಂತಿಗಳು ಒಂದಕ್ಕೊಂದು ಕೂಡಿಕೊಳ್ಳುವ ಆ ಗಳಿಗೆ ಸುಂದರವಾದದ್ದೇ, ಅವರ ಕಿವಿಗೆ ಅದು ಮುಟ್ಟಿತ್ತು.

ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಬಹುಕಾಲ ಚುಚ್ಚುತ್ತಿತ್ತು. 'ರಿವಾಲ್ವರ್' ಹೊದಿಕೆಯ ಮೇಲೆ ತಬಲಾ ನುಡಿಸಿದ ಅನಿಲ್ ಭಾಗವತ್ ಅವರ ಹೆಸರು ಅಚ್ಚಾಗಿದೆ. ಆದರೆ 'ವಿದಿನ್ ಯೂ ವಿದೌಟ್ ಯೂ' ಹಾಡಿಗೆ ನುಡಿಸಿದ ಭಾರತೀಯರ ಹೆಸರು ಆ ಹಾಡು ಬಂದ 1967ರ ಧ್ವನಿಸುರುಳಿಯ ಹೊದಿಕೆಯಲ್ಲಿ ಇಲ್ಲ. ಅಂಗಡಿಯವರ ಸಂಸ್ಥೆಯ ಮೂಲಕ ಬಂದು ನುಡಿಸಿ ಹೋದ ಲಂಡನ್ನಿನ ಹವ್ಯಾಸಿ ಕಲಾವಿದರು ಅವರು. ಹಾಡನ್ನು ಕೋಟ್ಯಂತರ ಜನ ಕೇಳಿದರು, ನುಡಿಸಿದವರು ಯಾರೆಂದು ಐವತ್ತು ವರ್ಷ ಲೋಕಕ್ಕೆ ತಿಳಿಯಲಿಲ್ಲ. 2017ರಲ್ಲಿ, ಧ್ವನಿಸುರುಳಿಯ ಐವತ್ತನೆಯ ವರ್ಷದ ಹೊತ್ತಿಗೆ, ಹುಡುಕಿ ಪತ್ತೆ ಮಾಡಿದರು. ದಿಲ್‌ರುಬಾ ಅಣ್ಣಾ ಜೋಶಿ ಮತ್ತು ಅಮೃತ್ ಗಜ್ಜರ್. ತಬಲಾ ನಟವರ ಸೋನಿ. ತಂಬೂರಿ ಬುದ್ಧದೇವ ಕನ್ಸಾರಾ.